ಅತ್ತು ಕಳಿಸಿದವಳು

ಈ ಕತೆಯನ್ನು ನನಗೆ ಮೊದಲು ಹೇಳಿದವನು ನಮ್ಮೂರ ಇಗರ್ಜಿಯಲ್ಲಿ ಗಂಟೆ ಹೊಡೆಯುವ ಫೆಸ್ಟಸ್ ಗ್ಯಾನನ್. ದೇವರ ಪೀಠಕ್ಕೆ ಮೇಣದಬತ್ತಿ ಹಚ್ಚುವ ಕೈ ಅವನದು. ಸುಳ್ಳು ಹೇಳುವ ಆಸಾಮಿಯಲ್ಲ. ನಡೆದದ್ದು ಅವನ ಸೋದರಮಾವನ ಮಗ ಫೀಲಿಮ್ ರಾಫ್ಟರ್‌ಗೆ.

ಫೀಲಿಮನಿಗೆ ಆಗ ಐವತ್ತು ದಾಟಿತ್ತು. ಒಂದು ಕಾಲಕ್ಕೆ ಬ್ರಾನಿಕ್ ಮನೆತನದ್ದಾಗಿದ್ದ ಹೊಲ ಅವನ ಪಾಲಿಗೆ ಬಂದಿತ್ತು. ಹೊಲದ ನಡುವೆ ಅವರ ಪಾಳುಮನೆ. ಅರ್ಧ ಸೂರು ಉಳಿದಿತ್ತು, ಬಾಗಿಲು ಹೋಗಿ ಎಷ್ಟೋ ಕಾಲವಾಗಿತ್ತು. ಮಳೆ ಬಂದರೆ ಹಸುಗಳು ಒಳಗೆ ನಿಲ್ಲುತ್ತಿದ್ದವು.

ಆ ವರ್ಷ ಅಕ್ಟೋಬರಿನಲ್ಲಿ ಅಮೆರಿಕೆಯಿಂದ ಲೊರೆಟ್ಟಾ ಎಂಬ ಹೆಂಗಸು ತನ್ನವರ ಮೂಲ ಹುಡುಕಿಕೊಂಡು ಬಂದಳು. ಬ್ರಾನಿಕ್ ಮಕ್ಕಳಲ್ಲಿ ಕೊನೆಯವನು ಅವಳ ಅಜ್ಜ. ಕೈಯಲ್ಲಿ ಕಾಗದದ ಕಂತೆ.

"ಒಟ್ಟು ಆರು ಜನ ಮಕ್ಕಳು ಯಜಮಾನ್ರೇ. ಐದು ಜನ ಹಡಗು ಹತ್ತಿದ್ದಕ್ಕೆ ಪಟ್ಟಿ ಇದೆ. ಸಬೈನಾ ಅನ್ನೋಳ ಹೆಸರು ಬರೆದು, ಆಮೇಲೆ ಗೀಟು ಹಾಕಿದಾರೆ. ಇಲ್ಲಿ ನೋಡಿದ್ರೆ ಸಮಾಧಿನೂ ಇಲ್ಲ. ಅವಳೆಲ್ಲಿ ಹೋದ್ಲು?"

ಫೀಲಿಮ್ ಟೋಪಿ ಸರಿಮಾಡಿಕೊಂಡ. "ನಂಗೊತ್ತಿಲ್ಲ ತಾಯಿ. ಹಳೇ ಕಾಲದ ಮಾತು."

"ನಾಳೆ ಮಧ್ಯಾಹ್ನ ಹೊರಡ್ತೀನಿ. ಏನಾದ್ರೂ ನೆನಪಾದ್ರೆ..."

"ಹೇಳ್ತೀನಿ, ಹೇಳ್ತೀನಿ."

ಅವನಿಗೆ ಗೊತ್ತಿತ್ತು. ಅಜ್ಜಿ ಹೇಳಿದ್ದಳು.

ಆ ಕಾಲದಲ್ಲಿ ಅಮೆರಿಕೆಗೆ ಹೊರಟವರನ್ನು ಸತ್ತವರಂತೆಯೇ ಕಳಿಸುತ್ತಿದ್ದರು. ಹಿಂದಿನ ರಾತ್ರಿಯೆಲ್ಲ ಜಾಗರಣೆ. ಹೊಗೆಸೊಪ್ಪು, ಚಹಾ, ಪಿಟೀಲು, ಕುಣಿತ. ಬೆಳಗಿನ ಜಾವಕ್ಕೆ ಹೆಂಗಸರು ಹೆಣದ ಮುಂದೆ ಹಾಡಿಕೊಂಡು ಅಳುವಂತೆ ಅಳುವರು. ಊರಂಚಿನ ಬಾವಿಯವರೆಗೆ ಹೋಗಿ ಬೀಳ್ಕೊಟ್ಟರೆ ಮುಗಿಯಿತು. ಸಬೈನಾಳಿಗೂ ಹಾಗೇ ಅತ್ತರು. ನಾಲ್ಕನೆಯ ರಾತ್ರಿ ಬಾಗಿಲು ಬಡಿದ ಸದ್ದು. ಬಂದರಿನಲ್ಲಿ ವೈದ್ಯ ಅವಳ ರೆಪ್ಪೆ ಮಗುಚಿ ನೋಡಿ, ಕಣ್ಣುಬೇನೆ ಎಂದು ಹಿಂದಕ್ಕೆ ಕಳಿಸಿದ್ದ. ಒಳಗಿದ್ದವರು ಅದನ್ನು ಹೇಗೆ ನಂಬಬೇಕು? ಅತ್ತು ಕಳಿಸಿದವಳು ರಾತ್ರಿ ಬಂದು ಕರೆದರೆ ಅದು ಅವಳಲ್ಲ ಎಂದು ಹೆತ್ತ ತಾಯಿಯೇ ಅಗುಳಿ ಹಾಕಿದಳು. ಹುಡುಗಿ ಊರಿನ ಹನ್ನೊಂದು ಮನೆಯ ಬಾಗಿಲು ತಟ್ಟಿದಳು. ಫೀಲಿಮನ ಅಜ್ಜಿ ಆಗಿನ್ನೂ ಹೊಸದಾಗಿ ಮದುವೆಯಾಗಿ ಬಂದವಳು. ದೀಪ ಆರಿಸಿ ಕೂತಳು. ಬೆಳಿಗ್ಗೆ ನೋಡಿದರೆ ಯಾರೂ ಇಲ್ಲ, ಆಮೇಲೂ ಅವಳನ್ನು ಕಂಡವರಿಲ್ಲ. ಬಂದರಿನಿಂದ ಕಾಗದ ಬಂದು ನಿಜ ತಿಳಿದದ್ದು ವಾರದ ಮೇಲೆ. ಇಡೀ ಊರು ಬಾಯಿ ಹೊಲಿದುಕೊಂಡಿತು.

ಆ ಸಂಜೆ ಫೆಸ್ಟಸ್‌ನ ಮನೆಯಲ್ಲಿ ಇಸ್ಪೀಟು.

"ಏನೋ ಫೀಲಿಮ್, ಅಮೆರಿಕಾದಮ್ಮ ನಿನ್ನ ಕೊಟ್ಟಿಗೆ ಮುಂದೆ ಮೊಣಕಾಲೂರಿದ್ಲಂತೆ? ಇನ್ನು ನಿನ್ನ ಹಸುಗಳನ್ನ ಹಿಡಿಯೋರಿಲ್ಲ ಬಿಡು!"

"ಸುಮ್ನೆ ಎಲೆ ಹಾಕೋ."

"ಹೇಳಿದ್ಯಾ ಅವಳಿಗೆ?"

"ಏನಂತ ಹೇಳ್ಲಿ? ನಮ್ಮಜ್ಜೀನೂ ಸೇರಿ ಇಡೀ ಊರು ಅವಳನ್ನ ಕೊಂದ್ರು ಅಂತಾನಾ?"

ಫೆಸ್ಟಸ್ ಎಲೆಗಳನ್ನು ಕೂಡಿಸಿ ಕಲಸತೊಡಗಿದ.

ಹನ್ನೊಂದು ಹೊಡೆದ ಮೇಲೆ ಫೀಲಿಮ್ ಹೊರಟ. ಗಾಳಿಯಿಲ್ಲ. ಬರೀ ಮಂಜು. ದಾರಿ ಬದಿಯ ಆ ಬಾವಿಯೊಳಗೆ ನೀರು... ಗುಳಕ್... ಗುಳಕ್. ಶಿಲುಬೆ ಗುರುತು ಹಾಕಿಕೊಂಡು, ಕಲ್ಲುಗೋಡೆಯ ಸಂದಿಯಿಂದ ತನ್ನ ಹೊಲಕ್ಕೆ ಇಳಿದ. ಆಚೆ ಬದಿಯ ಸಂದಿ ದಾಟಿದರೆ ಮನೆ. ಇನ್ನೂರು ಹೆಜ್ಜೆ.

ಇನ್ನೂರಾಯಿತು. ನಾನೂರಾಯಿತು... ಸಂದಿ ಸಿಗಲಿಲ್ಲ.

ಗೋಡೆಗೆ ಕೈಯಿಟ್ಟುಕೊಂಡೇ ನಡೆದ. ಒಂದು ಮೂಲೆ. ಎರಡು. ಮೂರು. ನಾಲ್ಕು. ಬಂದ ಸಂದಿಯೂ ಇಲ್ಲ. ದಾರಿ ತಪ್ಪಿಸುವ ಹುಲ್ಲು ತುಳಿದೆ ಅಂದುಕೊಂಡ. ಅದಕ್ಕೇನು ಮಾಡಬೇಕೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕೋಟು ಬಿಚ್ಚಿ, ಒಳಮಗ್ಗುಲು ಹೊರಗೆ ಮಾಡಿ ತೊಟ್ಟ. ಮತ್ತೆ ಗೋಡೆ ಹಿಡಿದ. ಈ ಸಲ ಮೂಲೆಗಳು ಬೇಗ ಬೇಗ ಬಂದವು... ಹತ್ತಿ ಹಾರೋಣವೆಂದು ಕಾಲಿಟ್ಟ. ಒಂದು ಕಲ್ಲು ಏರಿದರೆ ಮೇಲೆ ಇನ್ನೊಂದು ಕಲ್ಲು. ಅದರ ಮೇಲೆ ಇನ್ನೊಂದು. ಎದೆಯೆತ್ತರದ ಗೋಡೆ ಅದು, ಅವನೇ ಕಟ್ಟಿದ್ದು.

ಮೂರನೆಯ ಸುತ್ತಿನಲ್ಲಿ ಬೆರಳಿಗೆ ಗಾರೆ ತಾಗಿತು. ಹೊಲದ ಗೋಡೆಗೆ ಗಾರೆ ಎಲ್ಲಿಂದ? ತಲೆಯೆತ್ತಿದ. ಮಂಜಿಲ್ಲ... ಸೂರು. ಅವನು ಪಾಳುಮನೆಯ ಒಳಗಿದ್ದ.

ಬಾಗಿಲ ಕಂಡಿಯತ್ತ ತಿರುಗಿ ಕೈ ಚಾಚಿದ. ಹಲಗೆ. ಅಡ್ಡಲಾಗಿ ತಣ್ಣಗಿನ ಕಬ್ಬಿಣದ ಅಗುಳಿ. ಎಳೆದ. ಜಗ್ಗಿದ. ಅಲುಗಲಿಲ್ಲ.

ಆಗ ಹೊರಗಿನಿಂದ... ಟಕ್. ಟಕ್. ಟಕ್. ಬೆರಳ ಗೆಣ್ಣಿನ ಸದ್ದು.

"ಅವ್ವಾ... ನಾನೇ. ಕಣ್ಣು ನೋಡಿ ವಾಪಸ್ ಕಳಿಸಿಬಿಟ್ರು."

ಫೀಲಿಮನ ಬೆನ್ನ ಹಿಂದೆ, ಒಲೆಯ ಕಡೆಯಿಂದ, ಬೇರೊಂದು ಹೆಂಗಸಿನ ಪಿಸುದನಿ.

"ತೆಗೀಬೇಡ. ಅತ್ತು ಮುಗಿಸಿದೀವಿ."

ಟಕ್. ಟಕ್. "ಕಾಲೆಲ್ಲ ನೆಂದಿದೆ ಅವ್ವಾ..."

"ತೆಗೀಬೇಡ."

ಮುಂದೆ ಅವಳು, ಹಿಂದೆ ಇವಳು. ಎಷ್ಟು ಹೊತ್ತು ಹಾಗೆ ನಿಂತನೋ ದೇವರಿಗೇ ಗೊತ್ತು. ಜಪ ಶುರುಮಾಡಿದರೆ ಅರ್ಧಕ್ಕೇ ಮರೆಯುತ್ತಿತ್ತು. ಈ ಅಗುಳಿ ಸರಿಯುವತನಕ ತನಗೂ ಬಿಡುಗಡೆಯಿಲ್ಲ ಎಂಬುದು ಮಾತ್ರ ಅವನಿಗೆ ಹೊಳೆಯಿತು.

"ನಾಳೆ ಹೇಳ್ತೀನಿ," ಅಂದ. "ಆ ಅಮ್ಮನಿಗೆ ಎಲ್ಲಾ ಹೇಳಿಬಿಡ್ತೀನಿ."

ಅಗುಳಿ ಅಲುಗಲಿಲ್ಲ.

ಕೊನೆಗೆ ಹಣೆಯನ್ನು ಹಲಗೆಗೆ ಒತ್ತಿ, ಊರಿನವರು ಎಂಬತ್ತು ವರ್ಷದಿಂದ ಗಟ್ಟಿಯಾಗಿ ಆಡದ ಹೆಸರನ್ನು ಕೂಗಿ ಕರೆದ.

"ಸಬೈನಾ! ದೇವರ ಹೆಸರಲ್ಲಿ ಒಳಗೆ ಬಾರಮ್ಮ."

ಕಿರ್ರ್... ಠಣ್.

ಒದ್ದೆ ಉಣ್ಣೆಯ ವಾಸನೆ. ಏನೋ ತಣ್ಣಗೆ ಅವನ ತೋಳನ್ನು ಸವರಿಕೊಂಡು ಒಳಗೆ ಹೋಯಿತು. ಅವನು ಹೊರಗೆ ಓಡಿದ. ಸಂದಿ ಇದ್ದಲ್ಲೇ ಇತ್ತು.

ಬೆಳಗಾಗುವುದೇ ತಡ, ಲೊರೆಟ್ಟಾ ಇಳಿದುಕೊಂಡಿದ್ದ ಮನೆಗೆ ಹೋಗಿ ಎಲ್ಲವನ್ನೂ ಹೇಳಿದ, ತನ್ನ ಅಜ್ಜಿ ಆರಿಸಿದ ದೀಪವನ್ನೂ ಬಿಡದೆ. ಅವಳು ಕೂಗಾಡಲಿಲ್ಲ.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ನಾಚಿಕೆ ತಾಯಿ."

ಫೆಸ್ಟಸ್ ತೀರ್ಥದ ಶೀಶೆ ಹಿಡಿದು ಬಂದ. ಮೂವರೂ ಹೊಲಕ್ಕೆ ಹೋದರು. ಬಾಗಿಲಿಲ್ಲ, ಹಲಗೆಯಿಲ್ಲ, ಅಗುಳಿಯಿಲ್ಲ. ನೆಲದ ತುಂಬ ಎಂದಿನ ಸಗಣಿ. ಆದರೆ ಒಲೆಯಲ್ಲಿ ಬೂದಿಯನ್ನು ಗುಡ್ಡೆಮಾಡಿ, ಅಂಗೈಯಿಂದ ನುಣ್ಣಗೆ ಸವರಿ ಮುಚ್ಚಲಾಗಿತ್ತು. ರಾತ್ರಿ ಮನೆಯವರೆಲ್ಲ ಒಳಗೆ ಸೇರಿದ ಮೇಲೆ, ಮಲಗುವ ಮುಂಚೆ, ಮನೆಯಾಕೆ ಮುಚ್ಚುತ್ತಾಳಲ್ಲ, ಹಾಗೆ. ಫೀಲಿಮನ ಕಾಲದಲ್ಲಿ ಆ ಒಲೆ ಹೊತ್ತಿದ್ದೇ ಇಲ್ಲ. ಫೆಸ್ಟಸ್ ಕಡ್ಡಿಯಿಂದ ಕೆದಕಿದ.

ಕೆಳಗೆ ಕೆಂಡವಿತ್ತು.

ಅದನ್ನು ಅವನು ಕಣ್ಣಾರೆ ಕಂಡ. ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದ. ನಡೆದದ್ದೇ ಇದು, ಒಂದಕ್ಷರ ಹೆಚ್ಚಿಲ್ಲ. ಕೇಳಿದ ನೀವೂ ನಾಲ್ಕು ಜನಕ್ಕೆ ಹೇಳಿ. ನಮ್ಮ ಹೆಸರುಗಳು ಮರೆತರೂ ಚಿಂತೆಯಿಲ್ಲ. ಕಲ್ಲಿನ ಮೇಲೆ ಎಲ್ಲೂ ಇಲ್ಲದ ಅವಳ ಹೆಸರನ್ನು ಮಾತ್ರ ಬಿಡಬೇಡಿ: ಸಬೈನಾ ಬ್ರಾನಿಕ್.