ಕೊನೆಯ ಗಂಟೆ ಬಾರಿಸುವ ಮಗು

ಗ್ಯುಮ್ರಿ ಪಟ್ಟಣದ ಬಸ್ ನಿಲ್ದಾಣದಲ್ಲಿ, ರಷ್ಯಾಕ್ಕೆ ಹೊರಡಲಿದ್ದ ಬಸ್ಸಿನ ಪಕ್ಕ ಕೂತಿದ್ದ ಮುದುಕಿ ವಾರ್ಸೆನಿಕ್‌ಗೆ ಈ ಮಾತು ಕೇಳಿಸಿತು. ಹಳ್ಳಿಯ ಹೆಂಗಸು ನಾಜೆಲಿ ಪುಟ್ಟ ಮಗಳೊಂದಿಗೆ ರಷ್ಯಾದಲ್ಲಿ ದುಡಿಯುವ ಗಂಡನ ಬಳಿ ಹೊರಟಿದ್ದಳು. ಬೀಳ್ಕೊಡಲು ಅದೇ ಹಳ್ಳಿಯ ಟೀಚರ್ ಶೋಘಿಕ್ ಬಂದಿದ್ದರು.

“ಈ ವರ್ಷದ ಶಾಲೆ ಮುಗಿಯೋ ದಿನದವರೆಗಾದ್ರೂ ಇರ್ಬಾರ್ದಿತ್ತೇನೆ? ಆ ದಿನ ಪದ್ಧತಿಯಂತೆ ದೊಡ್ಡ ಹುಡುಗರ ಹೆಗಲೇರಿ ಕೊನೆ ಗಂಟೆ ಬಾರಿಸೋಕೆ ಒಂದನೇ ಕ್ಲಾಸಿನ ಮಗು ಬೇಕಲ್ಲ.”

“ಬೇರೆ ಯಾರೂ ಇಲ್ವಾ, ಟೀಚರ್?”

“ಒಂದನೇ ಕ್ಲಾಸಲ್ಲಿ ಇದ್ದದ್ದೇ ಇವಳೊಬ್ಬಳು. ಮುಂದಿನ ವರ್ಷ ಶಾಲೇನೇ ಮುಚ್ತಾರಂತೆ.”

“ಏಳು ವರ್ಷದಿಂದ ಇವಳಿಗೆ ಅಪ್ಪ ಅಂದ್ರೆ ಫೋನು. ನಾನೇನ್ಮಾಡ್ಲಿ?”

“ಬೈತಿಲ್ಲ ಕಣೇ. ನಿನಗೆ ಅಕ್ಷರ ಕಲಿಸಿದೋಳು ನಾನು, ನಿನ್ನ ಮೊಂಡುತನ ಗೊತ್ತಿಲ್ವಾ?”

ಟೀಚರ್ ಚೀಲದಿಂದ ಕೆಂಪು ರಿಬ್ಬನ್ನಿನ ಗಂಟೆ ತೆಗೆದು, ಮಗುವನ್ನು ತಮ್ಮ ಹೆಗಲಿಗೇ ಏರಿಸಿಕೊಂಡರು. “ಬಾರಿಸು ಪುಟ್ಟಿ.”

ಗಂಟೆ ನಿಲ್ಲುವವರೆಗೆ ಡ್ರೈವರ್ ಎಂಜಿನ್ ಆರಿಸಿ ಕಾದ. ಬಸ್ಸು ಹೋದ ಮೇಲೆ ಟೀಚರ್ ಸದ್ದಾಗದಂತೆ ಗಂಟೆಯ ನಾಲಿಗೆಗೆ ಕರ್ಚೀಫು ಸುತ್ತಿ, ಹಳ್ಳಿಯ ವ್ಯಾನಿನತ್ತ ನಡೆದರು.