ಬಾಯಾರಿದ ಬಾವಿಯ ಕಥೆ ಯಾರದು

ಮರಳುಗಾಡಿನಂಚಿನ ತೋಜರ್ ಊರಿನ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಮಹ್ಜೂಬಾ ಖರ್ಜೂರದ ಗಂಟಿನ ಬಾಯಿ ಹೊಲಿಯುತ್ತಿದ್ದಳು. ಅವಳ ಬೆನ್ನ ಹಿಂದೆ ಅಕ್ಕ ತಮ್ಮ ಇಬ್ಬರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ತಮ್ಮ ಲಸ್ಸಾದನ ಕೈಯಲ್ಲಿ ಲಕೋಟೆಯಿತ್ತು.

“ಆ ಕಾಗದ ಬಂದು ವರ್ಷವಾಯ್ತು ಲಸ್ಸಾದ್. ನೀನು ಬರೆದು ಅಚ್ಚು ಹಾಕಿಸಿದ ಮರಳುಲೋಕದ ಕಥೆಯಾಟದಲ್ಲಿ ಬಾಯಾರಿದ ಬಾವಿ ಬರುತ್ತಲ್ಲ, ಅದು ಯಾವ ಪುಸ್ತಕದ್ದು ಅಂತ ತಾನೇ ಆ ಜರ್ಮನ್ ಹುಡುಗಿ ಕೇಳಿದ್ದು?”

“ಆಟದ ಪುಸ್ತಕದ ಕೊನೇಲಿ ನನಗೆ ಸ್ಫೂರ್ತಿ ಅಂತ ವಿಲಾಯತಿ ಕಾದಂಬರಿಗಳನ್ನ ಉದ್ದಕ್ಕೆ ಪಟ್ಟಿ ಮಾಡಿದ್ನಲ್ಲ, ಪಾಪ, ಎಲ್ಲಾ ಓದಿ ಹುಡುಕಿದಾಳೆ.”

“ನೀನೆಷ್ಟು ಓದಿದೀಯ?”

“ಒಂದು. ಇನ್ನೊಂದು ಅರ್ಧ.”

“ಪಟ್ಟೀಲಿ ಆ ಕಥೆ ಹೇಳಿದ ನಮ್ಮಜ್ಜಿ ಎಲ್ಲಿ?”

“ಉಣ್ಣೆ ಬಾಚೋ ಮುದುಕಿ ಹೇಳಿದ್ದು ಅಂದ್ರೆ ನಗ್ತಾರೆ ಅಂತ ನಾಚಿಕೆಯಾಗಿತ್ತು. ಈಗ ಅಜ್ಜಿ ಮುಖ ನೆನೆಸಿದ್ರೆ ತಲೆ ಎತ್ತೋಕಾಗಲ್ಲ.”

“ಈ ಉತ್ತರದಲ್ಲಾದ್ರೂ ಅವಳ ಹೆಸರು ಹಾಕಿದ್ಯಾ?”

“ಅಜ್ಜಿ ಅಂತ ಬರೆದೆ.”

“ಅಜ್ಜಿಗೆ ಹೆಸರಿಲ್ವೇನೋ? ಯಾರಿಂದ ಕೇಳಿದ್ದು ಅಂತ ಹೇಳದೆ ಅವಳು ಒಂದು ಕಥೆಗಾದ್ರೂ ಬಾಯಿ ತೆಗೆದಿದ್ಲಾ?”

ಲಸ್ಸಾದ್ ಜೇಬಿನಿಂದ ಪೆನ್ನು ತೆಗೆದ. ಲಕೋಟೆ ಹರಿದು, ಕಾಗದವನ್ನು ಗೋಡೆಗೊತ್ತಿ ಬರೆದ. ಅಕ್ಕ ಓದಿದಳು.

“ನಾನು ಅಜ್ಜಿ ದಾವಿಯಾಳಿಂದ ಕೇಳಿದೆ, ಅವಳು ತನ್ನ ಅತ್ತೆ ಮಬ್ರೂಕಳಿಂದ. ಹ್ಞೂ, ಈಗ ಸರಿ.”

ಹರಿದ ಲಕೋಟೆಗೆ ಅಂಟು ಹುಡುಕುತ್ತಿದ್ದವನತ್ತ ಮಹ್ಜೂಬಾ ಕೈ ಚಾಚಿದಳು. ಗಂಟಿನ ಸೂಜಿಯಿಂದಲೇ ಅದರ ಬಾಯಿಗೆ ಎರಡು ಹೊಲಿಗೆ ಹಾಕಿ, ಪಕ್ಕಕ್ಕೆ ಸರಿದಳು.

“ನನ್ನ ಸರದಿ ನೀ ತಗೋ ಮಗಾ. ಮತ್ತೆ ಮನಸ್ಸು ಬದಲಾದೀತು.”

ಗುಮಾಸ್ತ ಹೊಲಿಗೆಯನ್ನೊಮ್ಮೆ ನೋಡಿ, ಮುದ್ರೆಯೊತ್ತಿ, ಕಾಗದವನ್ನು ಚೀಲಕ್ಕೆ ಹಾಕಿದ. ಅಕ್ಕ ತಮ್ಮ ಬಿಸಿಲಿಗಿಳಿದು ಹೋದರು.