ಎಡಗೈಗೆ ಬಂದ ನಟ್ಟು

ಸಲಕರಣೆ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಟ್ಯಾಕ್ಸಿ ಓಡಿಸುವವಳೊಬ್ಬಳು, ಅವಳ ಅಣ್ಣ. ಪರೀಕ್ಷೆಗೆಂದು ಗೋಡೆಗೆ ಬಿಗಿದಿದ್ದ ಚಕ್ರದ ನಟ್ಟಿಗೆ ಅವಳು ಎಡಗೈಯಲ್ಲೇ ಬ್ಯಾಟರಿ ರೆಂಚ್ ಹಿಡಿದಳು. ಅದು ಕಟಕಟನೆ ಬಡಿದುಕೊಂಡಿತು; ನಟ್ಟು ಅಲುಗಲಿಲ್ಲ.

"ನೋಡಿದ್ಯಾ? ಓಡಿಸು ಅಂತ ಡಾಕ್ಟರೇನೋ ಹೇಳಿದ್ರು. ದಾರೀಲಿ ಪಂಚರ್ ಆದ್ರೆ, ಆಪರೇಶನ್ ಆಗಿರೋ ಈ ಭುಜದಲ್ಲಿ ಚಕ್ರ ಬಿಚ್ತೀಯಾ? ಟ್ಯಾಕ್ಸಿ ಮಾರಿಬಿಡು."

"ಅಪಶಕುನ ನುಡೀಬೇಡ, ಅಣ್ಣಾ."

"ಇದಕ್ಕಿಂತ ದೊಡ್ಡದು ತೋರಿಸಿ," ಎಂದ ಅಣ್ಣ.

"ದೊಡ್ಡದು ಬೇಡ," ಅಂಗಡಿಯವ ನಕ್ಕ. "ಅಕ್ಕಾ, ನೀವು ಬಿಚ್ತಾ ಇಲ್ಲ, ಬಿಗೀತಾ ಇದ್ದೀರ. ಆ ಗುಂಡಿ ಈಚೆ ತಳ್ಳಿ."

ಗರ್ರೆಂದು ನಟ್ಟು ಅವಳ ಅಂಗೈಗೆ ಬಿತ್ತು.

"ಟ್ಯಾಕ್ಸಿ ಕೀ ಕೊಡು," ಅವಳು ಅಣ್ಣನತ್ತ ಕೈ ಚಾಚಿದಳು.

"ಈಗಲೇ?"

"ಆರು ತಿಂಗಳು ನಿನ್ನ ಡ್ರೈವಿಂಗ್ ಸಹಿಸಿದೀನಿ."

"ಸದ್ಯ! ಹಿಂದಿನ ಸೀಟಲ್ಲಿ ಗೊರಕೆ ಹೊಡೀತೀನಿ."

ರೆಂಚಿನ ಡಬ್ಬಿ ಎತ್ತಿಕೊಂಡು ಅಣ್ಣನೇ ಮೊದಲು ಹೊರಟ.